ಕುರಿ-ಮೇಕೆ ತಿಂದ ಮೇವು ಮಟನ್, ಹಾಲು, ಉಣ್ಣೆಯಲ್ಲಿ ಹೇಗೆ ಕಾಣುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಮೇಕೆಗಳು 61 ಲಕ್ಷಕ್ಕೂ ಜಾಸ್ತಿ. ಸಾಕುವವರು ತಳಿ ಬಗ್ಗೆ ಕೇಳುತ್ತಾರೆ, ರೋಗದ ಬಗ್ಗೆ ಕೇಳುತ್ತಾರೆ, ಸಂತೆಯ ರೇಟು ಕೇಳುತ್ತಾರೆ. ಮೇವಿನ ವಿಷಯ ಬಂದಾಗ ಮಾತ್ರ "ಬೇಗ ತೂಕ ಬರೋಕೆ ಏನು ಹಾಕಬೇಕು" ಅನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಆದರೆ ಮಾಂಸದ ರುಚಿ, ಕೊಬ್ಬಿನ ಗಟ್ಟಿತನ, ಹಾಲಿನ ವಾಸನೆ, ಕಂಬಳಿಯ ಬಾಳಿಕೆ ಎಲ್ಲದರಲ್ಲೂ ಮೇವಿನ ಪಾಲು ದೊಡ್ಡದು. ಸಾಕುವವರೂ ತಿನ್ನುವವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಮೇವು ಬದಲಾಯಿಸಿದರೆ ಎಷ್ಟು ದಿನಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ?

ಒಂದೊಂದಕ್ಕೆ ಒಂದೊಂದು ಲೆಕ್ಕ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹಾಲು ಎಲ್ಲಕ್ಕಿಂತ ಬೇಗ. ಮೇಕೆ ಬೆಳಗ್ಗೆ ಘಾಟಿನ ಸೊಪ್ಪು ತಿಂದರೆ ಕೆಲವೇ ಗಂಟೆಗಳಲ್ಲಿ ಹಾಲಿಗೆ ಆ ವಾಸನೆ ಬರುತ್ತದೆ. ಹಾಲಿನ ಕೊಬ್ಬಿನ ಅಂಶ ಬದಲಾಗಲು ಕೆಲವು ದಿನಗಳಿಂದ ಎರಡು ವಾರ ಬೇಕು.

ಮಾಂಸದ ಕೊಬ್ಬು ನಿಧಾನ. ಮೈಯಲ್ಲಿ ಆಗಲೇ ಕೂತಿರುವ ಕೊಬ್ಬಿನ ಮೇಲೆ ಹೊಸ ಕೊಬ್ಬು ಸೇರಬೇಕಲ್ಲ. ಆರೆಂಟು ವಾರ ಒಂದೇ ರೀತಿ ಮೇಯಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹಾಗಾಗಿ ಮಾರುವ ಮುಂಚಿನ ಎರಡು-ಮೂರು ತಿಂಗಳು ಏನು ತಿಂದಿತು ಅನ್ನುವುದೇ ಮಟನ್ ರುಚಿಗೆ ಮುಖ್ಯ. ಕೊನೆಯ ಒಂದು ವಾರ ಹಿಂಡಿ ಸುರಿದರೆ ಹೊಟ್ಟೆ ಕೆಡುತ್ತದೆ ಅಷ್ಟೇ, ಮಾಂಸದ ಗುಣ ಬದಲಾಗುವುದಿಲ್ಲ.

ಉಣ್ಣೆಗೆ ತಿಂಗಳುಗಳ ಲೆಕ್ಕ. ಏಪ್ರಿಲ್‌ನಲ್ಲಿ ಮೇವಿಲ್ಲದೆ ಕಳೆದ ಹದಿನೈದು ದಿನ ಆ ಎಳೆಯಲ್ಲೇ ಉಳಿಯುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ಮೇಯಿಸಿದರೂ ಆ ಜಾಗ ಸರಿಹೋಗುವುದಿಲ್ಲ.

ಬಯಲಲ್ಲಿ ಮೇದ ಕುರಿಯ ಮಟನ್ ರುಚಿ ಬೇರೆ ಅಂತಾರೆ. ನಿಜಾನಾ, ಸುಮ್ನೆ ಹೇಳೋದಾ?

ನಿಜ. ಅದಕ್ಕೆ ಕಾರಣಗಳೂ ಗೊತ್ತಿವೆ.

ಕುರಿ-ಮೇಕೆಗಳ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ತಿಂದ ಮೇವು ಮೊದಲು ಅವುಗಳ ಪಾಲು. ಮೇವಿನ ನಾರು, ಹಿಟ್ಟು, ಪ್ರೋಟೀನ್, ಕೊಬ್ಬು ಎಲ್ಲವನ್ನೂ ಅವು ಒಡೆದು ಬೇರೆ ರೂಪ ಕೊಡುತ್ತವೆ. ಆಮೇಲೆ ಉಳಿದದ್ದು ಪ್ರಾಣಿಗೆ. ಹಸಿರು ಹುಲ್ಲಿನ ಕೊಬ್ಬಿನಲ್ಲಿ ಒಮೆಗಾ-3 ಜಾಸ್ತಿ. ಬಹುಪಾಲು ರೂಮೆನ್‌ನಲ್ಲೇ ಗಟ್ಟಿ ಕೊಬ್ಬಾಗಿ ಬದಲಾಗುತ್ತದೆ. ಒಂದಿಷ್ಟು ತಪ್ಪಿಸಿಕೊಂಡು ಮಾಂಸಕ್ಕೆ ಸೇರುತ್ತದೆ. ಅದಕ್ಕೇ ಹುಲ್ಲು ಮೇದ ಕುರಿಯ ಮಾಂಸದಲ್ಲಿ ಒಮೆಗಾ-3 ಪ್ರಮಾಣ ಕಾಳು ತಿಂದ ಕುರಿಗಿಂತ ಹೆಚ್ಚಿರುತ್ತದೆ.

ವಾಸನೆಯ ಲೆಕ್ಕ ಬೇರೆ. ಎಳೆ ಹಸಿರು ಹುಲ್ಲಿನ ಪ್ರೋಟೀನ್ ರೂಮೆನ್‌ನಲ್ಲಿ ಬೇಗ ಕರಗುತ್ತದೆ. ಅದು ಒಡೆಯುವಾಗ ಸ್ಕ್ಯಾಟೋಲ್ ಅನ್ನುವ ವಸ್ತು ಹುಟ್ಟಿ ಕೊಬ್ಬಿನಲ್ಲಿ ಕೂರುತ್ತದೆ. ಮಳೆಗಾಲದ ಹುಲ್ಲಿನ ಮೇಲೆ ಬೆಳೆದ ಕುರಿಯ ನೆಣಕ್ಕೆ ಒಂದು ಗಾಢ ವಾಸನೆ ಇರುವುದು ಇದರಿಂದ. ಕೆಲವರಿಗೆ ಅದೇ ಬೇಕು, ಕೆಲವರಿಗೆ ಆಗುವುದಿಲ್ಲ. ಇನ್ನು ಕುರಿಮಾಂಸಕ್ಕೇ ವಿಶೇಷವಾದ "ಕುರಿ ವಾಸನೆ"ಗೆ ಕಾರಣ ಕವಲೊಡೆದ ಕೆಲವು ಕೊಬ್ಬಿನಾಮ್ಲಗಳು. ಕಾಳು ಜಾಸ್ತಿ ತಿಂದರೆ ಅವು ಹೆಚ್ಚುತ್ತವೆ. ವಯಸ್ಸಾದ, ಬೀಜ ಒಡೆಸದ ಟಗರಿನಲ್ಲಿ ಇನ್ನೂ ಹೆಚ್ಚು.

ಒಣ ಸೀಮೆಯ ಮೇವಿನಲ್ಲಿ ಹುಲ್ಲಿಗಿಂತ ಕುರುಚಲು ಗಿಡ, ಜಾಲಿ ಕಾಯಿ, ಬೇಲಿ ಸೊಪ್ಪು ಜಾಸ್ತಿ. ಅವುಗಳಲ್ಲಿ ಟ್ಯಾನಿನ್ ಇರುತ್ತದೆ, ಅಂದರೆ ಬಾಯಿಗೆ ಒಗರು ಕೊಡುವ ಅಂಶ. ಮಿತವಾಗಿದ್ದರೆ ಟ್ಯಾನಿನ್ ಪ್ರೋಟೀನನ್ನು ರೂಮೆನ್‌ನಲ್ಲಿ ಪೋಲಾಗಲು ಬಿಡುವುದಿಲ್ಲ. ಸ್ಕ್ಯಾಟೋಲ್ ಕೂಡ ಕಡಿಮೆಯಾಗುತ್ತದೆ. ದಕ್ಷಿಣ ಆಫ್ರಿಕಾದ ಕಾರೂ ಎಂಬ ಒಣನಾಡಿನ ಕುರಿಮಾಂಸ ಅಲ್ಲಿನ ಕುರುಚಲು ಗಿಡಗಳ ಪರಿಮಳದಿಂದಲೇ ಹೆಸರು ಮಾಡಿದೆ. ಆ ಗಿಡಗಳನ್ನು ಮೇದ ಕುರಿಯಾದರೆ ಮಾತ್ರ ಆ ಹೆಸರಿನಲ್ಲಿ ಮಾರಬಹುದು ಎಂಬ ನಿಯಮವೂ ಇದೆ. ಚಿತ್ರದುರ್ಗ, ಪಾವಗಡ, ಕೊಪ್ಪಳದ ಬಯಲಲ್ಲಿ ಮೇದ ಕುರಿಗೂ ಅಂಥದ್ದೊಂದು ಗೌರವ ಸಿಗಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಈಗ ಬಯಲಲ್ಲಿ ಮೇದದ್ದಕ್ಕೂ ಕಟ್ಟಿ ಮೇಯಿಸಿದ್ದಕ್ಕೂ ಸಾಮಾನ್ಯವಾಗಿ ಒಂದೇ ರೇಟು. ಮೈಲಿಗಟ್ಟಲೆ ನಡೆದು ಮೇಯಿಸಿದ ಕುರಿಗಾಹಿಗೆ ಅದರಿಂದ ಏನೂ ಹೆಚ್ಚಿಗೆ ಬರುವುದಿಲ್ಲ.

ಹಾಗಾದರೆ ಕಟ್ಟಿ ಮೇಯಿಸಿದ್ದು ಕಳಪೆಯಾ?

ಖಂಡಿತ ಅಲ್ಲ. ಬಯಲಲ್ಲಿ ಮೇದ ಕುರಿಗೆ ಬೇಸಿಗೆಯಲ್ಲಿ ಹೊಟ್ಟೆ ತುಂಬುವುದಿಲ್ಲ. ತೂಕ ಇಳಿಯುತ್ತದೆ, ಮಳೆ ಬಂದ ಮೇಲೆ ಮತ್ತೆ ಏರುತ್ತದೆ. ಹೀಗೆ ಏರಿಳಿತದಲ್ಲಿ ಬೆಳೆದ ಪ್ರಾಣಿ ಮಾರುವ ತೂಕಕ್ಕೆ ಬರುವಷ್ಟರಲ್ಲಿ ವಯಸ್ಸು ಜಾಸ್ತಿಯಾಗಿರುತ್ತದೆ. ವಯಸ್ಸಾದಷ್ಟೂ ಮಾಂಸ ಬಿರುಸು. ಕಟ್ಟಿ ಮೇಯಿಸಿದ ಮರಿ ಬೇಗ ತೂಕಕ್ಕೆ ಬರುತ್ತದೆ, ಮಾಂಸ ಮೆತ್ತಗಿರುತ್ತದೆ.

ನನ್ನ ಮಟ್ಟಿಗೆ ಎರಡೂ ಸೇರಿದ ದಾರಿಯೇ ಒಳ್ಳೆಯದು. ಹಗಲು ಮೇಯಲು ಬಿಟ್ಟು, ಸಂಜೆ ದೊಡ್ಡಿಯಲ್ಲಿ ಹೊಟ್ಟು ಮತ್ತು ಒಂದು ಹಿಡಿ ಕಾಳು-ಹಿಂಡಿ. ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಕಡಲೆ ಹೊಟ್ಟು, ಹುರುಳಿ ಹೊಟ್ಟು ನಮ್ಮ ಒಣ ಸೀಮೆಯಲ್ಲಿ ಸಿಗುವ ಚಿನ್ನದಂಥ ಮೇವು. ಒಣಹುಲ್ಲಿಗಿಂತ ಇವುಗಳಲ್ಲಿ ಪ್ರೋಟೀನ್ ಜಾಸ್ತಿ. ಇಷ್ಟಾದರೂ ಸುಗ್ಗಿಯಲ್ಲಿ ಹೊಲದಲ್ಲೇ ಬೆಂಕಿ ಹಚ್ಚುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬನ್ನೂರು ಮಟನ್ ರುಚಿ ತಳಿಯದೋ, ಮೇವಿನದೋ?

ತಳಿಯದು ಮೊದಲು. ಮಂಡ್ಯ ಕಡೆ ಬಂಡೂರು ಅಂತಲೂ ಕರೆಯುವ ಈ ಕುರಿ ಗಿಡ್ಡ ಕಾಲಿನದು, ಮೈ ತುಂಬಿಕೊಂಡದ್ದು. ಮಾಂಸದ ಎಳೆಗಳ ನಡುವೆ ಕೊಬ್ಬು ಹರಡುವುದು ಇದರ ಹುಟ್ಟುಗುಣ. ಬೇಯಿಸಿದಾಗ ಮೆತ್ತಗೆ, ರಸವಾಗಿ ಇರುವುದು ಅದರಿಂದ.

ಆದರೆ ಆ ಗುಣ ಹೊರಗೆ ಬರಬೇಕಾದರೆ ಹೊಟ್ಟೆಗೆ ಸರಿಯಾಗಿ ಬೀಳಬೇಕು. ಮಳವಳ್ಳಿ, ಬನ್ನೂರಿನ ಕಡೆ ನಾಲೆಯ ನೀರಿದೆ. ಬದುವಿನ ಹುಲ್ಲು, ಅಗಸೆ ಸೊಪ್ಪು, ರಾಗಿ ಹುಲ್ಲು, ಹುರುಳಿ ಹೊಟ್ಟು ಸಿಗುತ್ತವೆ. ಮನೆ ಹತ್ತಿರವೇ ನಾಲ್ಕಾರು ಕುರಿ ಕಟ್ಟಿ ಮೇಯಿಸುವ ರೂಢಿಯೂ ಇದೆ. ಅದೇ ಕುರಿಯನ್ನು ಅರೆಹೊಟ್ಟೆಯಲ್ಲಿ ಬೆಳೆಸಿದರೆ ಮಾಂಸದ ನಡುವೆ ಕೊಬ್ಬು ಕೂರುವುದೇ ಇಲ್ಲ. ಮೈ ಕೊಬ್ಬು ಸೇರಿಸುವ ಸರದಿಯಲ್ಲಿ ಮಾಂಸದ ನಡುವಿನದು ಕೊನೆಯದು. ಮೊದಲು ಮೂತ್ರಪಿಂಡ ಮತ್ತು ಕರುಳಿನ ಸುತ್ತ, ಆಮೇಲೆ ಚರ್ಮದಡಿ, ಕೊನೆಗೆ ಎಳೆಗಳ ನಡುವೆ.

ಮೇಕೆಯ ಕಥೆ ಇಲ್ಲಿ ಬೇರೆ. ಅದರ ಕೊಬ್ಬಿನ ಬಹುಪಾಲು ಹೊಟ್ಟೆಯೊಳಗೇ ಸೇರುತ್ತದೆ, ಚರ್ಮದಡಿ ತೆಳು. ಹಾಗಾಗಿ ಮೇಕೆಗೆ ಅತಿಯಾಗಿ ಕಾಳು ತಿನ್ನಿಸಿ ಕೊಬ್ಬಿಸುವುದು ದಂಡ. ಮಾಂಸಕ್ಕೆ ಸೇರದ ಕೊಬ್ಬು ಕಟುಕರ ಬುಟ್ಟಿಗೆ ಹೋಗುತ್ತದೆ.

ಮೆಕ್ಕೆಜೋಳ ಜಾಸ್ತಿ ಹಾಕಿದರೆ ಬೇಗ ದಪ್ಪ ಆಗುತ್ತವೆ ಅಲ್ವಾ? ತೊಂದರೆ ಏನು?

ದಪ್ಪ ಆಗುತ್ತವೆ. ತೊಂದರೆಯೂ ಆಗುತ್ತದೆ.

ಹಿಟ್ಟಿನ ಅಂಶ ಜಾಸ್ತಿಯಾದರೆ ರೂಮೆನ್‌ನಲ್ಲಿ ಪ್ರೊಪಿಯೋನಿಕ್ ಆಮ್ಲ ವಿಪರೀತ ಹುಟ್ಟುತ್ತದೆ. ಮೈ ಅದನ್ನು ಪೂರ್ತಿ ಬಳಸಿಕೊಳ್ಳಲಾಗದೆ, ಉಳಿದದ್ದರಿಂದ ಬೇರೆ ಜಾತಿಯ ಕೊಬ್ಬು ಕಟ್ಟುತ್ತದೆ. ಅದು ಮೆದು ಕೊಬ್ಬು. ಮುಟ್ಟಿದರೆ ಜಿಡ್ಡು ಜಿಡ್ಡು, ಗಟ್ಟಿಯಾಗಿ ನಿಲ್ಲುವುದಿಲ್ಲ. ಬೇಗ ಮುಗ್ಗಲು ವಾಸನೆ ಬರುತ್ತದೆ. ಕುರಿಯಲ್ಲಿ ಇದು ಹಸುವಿಗಿಂತ ಹೆಚ್ಚು. ಗಟ್ಟಿ ಬಿಳಿ ನೆಣ ಬೇಕೆಂದರೆ ಕಾಳಿನ ಜೊತೆ ನಾರಿನ ಮೇವು ಇರಲೇಬೇಕು.

ರೂಢಿಯಿಲ್ಲದೆ ಒಮ್ಮೆಲೇ ಕಾಳು ತಿಂದರೆ ಹೊಟ್ಟೆ ಹುಳಿಯಾಗುತ್ತದೆ. ಮರಿಗಳು ತಲೆ ತಗ್ಗಿಸಿ ನಿಲ್ಲುತ್ತವೆ, ಭೇದಿ, ಕೆಲವು ಸಾಯುತ್ತವೆ. ಬದುಕಿ ಉಳಿದವುಗಳ ಈಲಿಯಲ್ಲಿ (ಲಿವರ್) ಕೀವುಗಟ್ಟಿದ ಗಂಟುಗಳು ಆಗಬಹುದು, ಆ ಈಲಿ ತಿನ್ನಲು ಬರುವುದಿಲ್ಲ. ಕರುಳುಬೇನೆ, ಅಂದರೆ ಇ.ಟಿ. ರೋಗವೂ ಹೊಟ್ಟೆಬಾಕ ಮರಿಗಳಿಗೇ ಹೆಚ್ಚು ಬರುತ್ತದೆ. ಅದಕ್ಕೆ ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸಿಕೊಳ್ಳಿ. ಮೂರನೆಯದು ಮೂತ್ರದಲ್ಲಿ ಕಲ್ಲು. ಕಾಳು, ಬೂಸಾ, ತೌಡು ಮೂರರಲ್ಲೂ ರಂಜಕ ಜಾಸ್ತಿ, ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆ. ಗಂಡು ಮರಿಗಳಿಗೆ, ಅದರಲ್ಲೂ ಚಿಕ್ಕಂದಿನಲ್ಲೇ ಬೀಜ ಒಡೆಸಿದವಕ್ಕೆ, ಕಲ್ಲು ಸಿಕ್ಕಿಕೊಂಡು ಉಚ್ಚೆ ನಿಲ್ಲುತ್ತದೆ. ಬಕ್ರೀದಿಗೆ ಅಂತ ಪ್ರೀತಿಯಿಂದ ಸಾಕಿದ ಟಗರು ಹಬ್ಬಕ್ಕೆ ಹತ್ತು ದಿನ ಇರುವಾಗ ಹೀಗೆ ಹೋಗುವುದುಂಟು. ಮೇವಿನಲ್ಲಿ ಸುಣ್ಣದಂಶ ರಂಜಕದ ಎರಡರಷ್ಟಿರಬೇಕು, ನೀರು ಸದಾ ಮುಂದಿರಬೇಕು.

ಒಂದು ಸರಿಯಾದ ಮಿಶ್ರಣ ಹೇಳಿ.

ಮನೆಯಲ್ಲೇ ಮಾಡಿಕೊಳ್ಳುವ 100 ಕಿಲೋ ದಾಣಿಗೆ ಒಂದು ಸರಳ ಲೆಕ್ಕ: ನುಚ್ಚು ಮಾಡಿದ ಮೆಕ್ಕೆಜೋಳ 40 ಕಿಲೋ, ಶೇಂಗಾ ಹಿಂಡಿ 25, ಗೋಧಿ ಬೂಸಾ 31, ಕುರಿಗೆಂದೇ ಮಾಡಿದ ಖನಿಜ ಮಿಶ್ರಣ 2, ಸುಣ್ಣದ ಕಲ್ಲಿನ ಪುಡಿ 1, ಉಪ್ಪು 1. ಮೆಕ್ಕೆಜೋಳದ ಬದಲು ಜೋಳವೋ ರಾಗಿಯೋ ಅಗ್ಗವಾಗಿ ಸಿಕ್ಕರೆ ಅದನ್ನೇ ಹಾಕಿ.

20 ಕಿಲೋ ತೂಗುವ ಮರಿಗೆ ದಿನಕ್ಕೆ ನೀರಿನಂಶ ಬಿಟ್ಟು 700ರಿಂದ 800 ಗ್ರಾಂ ಮೇವು ಬೇಕು. ಅಂದಾಜಿಗೆ 250 ಗ್ರಾಂ ಈ ದಾಣಿ, ಕಾಲು ಕಿಲೋ ಹೊಟ್ಟು, ಒಂದೂವರೆ ಕಿಲೋ ಹಸಿರು. ಮೇಯಲು ಹೋಗುವ ಮರಿಗೆ ಇದಕ್ಕಿಂತ ಕಡಿಮೆ ಸಾಕು. ದಾಣಿಯನ್ನು 50 ಗ್ರಾಂನಿಂದ ಶುರು ಮಾಡಿ, ಎರಡು ವಾರದಲ್ಲಿ ನಿಧಾನವಾಗಿ ಏರಿಸಿ. ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ.

ಹಸುವಿಗೆ ತಂದ ಪಶು ಆಹಾರವನ್ನೇ ಕುರಿಗೂ ಹಾಕಬಹುದಾ?

ಬೇಡ. ಇದು ಹಳ್ಳಿಗಳಲ್ಲಿ ತುಂಬಾ ನಡೆಯುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹಸುವಿನ ಖನಿಜ ಮಿಶ್ರಣದಲ್ಲಿ ತಾಮ್ರ ಇರುತ್ತದೆ. ಹಸುವಿಗೆ ಅದು ಬೇಕು. ಕುರಿಗೆ ಮಾತ್ರ ಹೆಚ್ಚಿನ ತಾಮ್ರವನ್ನು ಹೊರಹಾಕುವ ಶಕ್ತಿ ಬಹಳ ಕಡಿಮೆ. ತಿಂಗಳುಗಟ್ಟಲೆ ಈಲಿಯಲ್ಲಿ ಸೇರುತ್ತಾ ಹೋಗುತ್ತದೆ. ಹೊರಗೆ ಏನೂ ಕಾಣಿಸುವುದಿಲ್ಲ. ಲಾರಿ ಪಯಣವೋ ಮೇವಿನ ಕೊರತೆಯೋ ಆದ ದಿನ ಆ ತಾಮ್ರ ಒಮ್ಮೆಲೇ ರಕ್ತಕ್ಕೆ ಬಿದ್ದು ರಕ್ತಕಣಗಳು ಒಡೆಯುತ್ತವೆ. ಕಣ್ಣು, ಒಸಡು ಹಳದಿ, ಉಚ್ಚೆ ಕೆಂಪು-ಕಪ್ಪು. ಒಂದೆರಡು ದಿನದಲ್ಲಿ ಕುರಿ ಸಾಯುತ್ತದೆ. ಮಾಂಸವೂ ಹಳದಿಯಾಗಿ ತಿನ್ನಲು ಯೋಗ್ಯವಲ್ಲದ್ದಾಗುತ್ತದೆ.

ಮೇಕೆ ಇದನ್ನು ಕುರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಸಾಕುವವರು ಕುರಿಯ ಲೆಕ್ಕಕ್ಕೇ ಮೇವು ಹೊಂದಿಸಬೇಕು.

ಯಾವ ಸೊಪ್ಪು ಹಾಕಬೇಕು, ಯಾವುದು ಬೇಡ?

ಅಗಸೆ, ನುಗ್ಗೆ, ಹಿಪ್ಪುನೇರಳೆ, ಕುದುರೆ ಮಸಾಲೆ (ಲೂಸರ್ನ್) ಇವೆಲ್ಲ ಒಳ್ಳೆಯ ಮೇವು. ಪ್ರೋಟೀನ್ ಇದೆ, ಸುಣ್ಣ ಇದೆ, ವಿಟಮಿನ್ ಇದೆ. ಹಸಿರು ಮೇವಿನ ವಿಟಮಿನ್ ಇ ಮಾಂಸಕ್ಕೂ ಸೇರುತ್ತದೆ. ಅಂಗಡಿಯಲ್ಲಿ ತೂಗುಹಾಕಿದ ಮಟನ್ ಬೇಗ ಕಂದು ಬಣ್ಣಕ್ಕೆ ತಿರುಗದೆ ಹೊಳೆಯುವ ಕೆಂಪಾಗಿ ಉಳಿಯುವುದು ಇದರಿಂದ. ಮೇವನ್ನು ಬಿಸಿಲಿಗೆ ಒಣಗಿಸಿದರೆ ಈ ವಿಟಮಿನ್ ಬಹುಪಾಲು ಹೋಗುತ್ತದೆ. ಒಣಗಿಸುವುದಾದರೆ ನೆರಳಲ್ಲಿ ಒಣಗಿಸಿ.

ರಾಮನಗರ, ಕೋಲಾರದ ಕಡೆ ರೇಷ್ಮೆ ಸಾಕುವವರು ಹುಳ ತಿಂದು ಬಿಟ್ಟ ಕಡ್ಡಿ-ಸೊಪ್ಪನ್ನೇ ಕುರಿಗೆ ಹಾಕುತ್ತಾರೆ. ಹುಳದ ಹಾಸಿಗೆಗೆ ಸುಣ್ಣ, ಸೋಂಕು ತಡೆಯುವ ಪುಡಿ ಚೆಲ್ಲಿರುತ್ತಾರೆ ಅನ್ನುವುದು ಮರೆಯಬೇಡಿ. ತೋಟ ಕತ್ತರಿಸಿದಾಗ ಸಿಗುವ ಹೊಸ ಸೊಪ್ಪೇ ಒಳ್ಳೆಯದು.

ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ವಿಷದಂಶ ಇದೆ. ಅದು ಕೂದಲಿನ ಬುಡಕ್ಕೇ ಏಟು ಕೊಡುತ್ತದೆ. ಬರೀ ಸುಬಾಬುಲ್ ತಿನ್ನಿಸಿದರೆ ಉಣ್ಣೆ ಉದುರುತ್ತದೆ. ಒಟ್ಟು ಮೇವಿನಲ್ಲಿ ಮೂರನೇ ಒಂದು ಪಾಲು ದಾಟದಂತೆ ನೋಡಿಕೊಂಡರೆ ಅದೂ ಒಳ್ಳೆಯ ಸೊಪ್ಪೇ. ಗ್ಲಿರಿಸಿಡಿಯದ ವಾಸನೆಗೆ ಕುರಿಗಳು ಮೊದಲು ಮೂಗು ತಿರುಗಿಸುತ್ತವೆ. ಒಂದು ದಿನ ಬಾಡಿಸಿ ಕೊಟ್ಟರೆ ತಿನ್ನಲು ಕಲಿಯುತ್ತವೆ.

ಲಂಟಾನ ಬೇಡವೇ ಬೇಡ. ಈಲಿ ಕೆಡುತ್ತದೆ, ಕಾಮಾಲೆ ಬರುತ್ತದೆ, ಬಿಸಿಲಿಗೆ ಮೂತಿ-ಕಿವಿಯ ಚರ್ಮ ಸುಟ್ಟಂತಾಗುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮತ್ತು ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ. ಅಲ್ಲಿಗೆ ಹಸಿದ ಕುರಿ ಬಿಟ್ಟರೆ ನಿಮಿಷಗಳಲ್ಲಿ ಸಾಯುತ್ತವೆ.

ಮೇಕೆ ಹಾಲಿಗೆ ವಾಸನೆ ಯಾಕೆ ಬರುತ್ತದೆ? ಮೇವು ಬದಲಿಸಿದರೆ ಹೋಗುತ್ತದಾ?

ಒಂದು ಭಾಗ ಮೇವಿನದು, ಒಂದು ಭಾಗ ಹೋತದ್ದು, ಉಳಿದದ್ದು ಪಾತ್ರೆ ಮತ್ತು ಕೈಯ ಶುಚಿಯದು.

ಹೋತವನ್ನು ಹಾಲು ಕೊಡುವ ಮೇಕೆಗಳ ಜೊತೆ ಕಟ್ಟಬೇಡಿ. ಅದರ ಮೈಯ ವಾಸನೆ ಹಾಲಿಗೆ ಹಿಡಿಯುತ್ತದೆ. ಬೇವು, ಈರುಳ್ಳಿ ಸೊಪ್ಪು, ಘಾಟಿನ ಕಾಡುಸೊಪ್ಪುಗಳನ್ನು ಹಾಲು ಕರೆದ ಮೇಲೆ ಕೊಡಿ, ಮುಂಚೆ ಅಲ್ಲ. ಮುಂದಿನ ಸಲ ಕರೆಯುವ ಹೊತ್ತಿಗೆ ಘಾಟು ಬಹುಪಾಲು ಇಳಿದಿರುತ್ತದೆ. ಕರೆದ ಹಾಲನ್ನು ಕೂಡಲೇ ಸೋಸಿ ತಣ್ಣಗೆ ಮಾಡಬೇಕು, ಕುಲುಕಬಾರದು. ಮೇಕೆ ಹಾಲಿನ ಕೊಬ್ಬಿನಲ್ಲಿ ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಸಣ್ಣ ಕೊಬ್ಬಿನಾಮ್ಲಗಳಿವೆ. ಕೊಬ್ಬಿನ ಕಣ ಒಡೆದು ಅವು ಹೊರಬಂದಾಗಲೇ ಆ ಘಾಟು. ಇಷ್ಟು ನೋಡಿಕೊಂಡರೆ ಮಕ್ಕಳೂ ಗೊತ್ತಾಗದೆ ಕುಡಿಯುವಷ್ಟು ಸಪ್ಪೆ ಹಾಲು ಸಿಗುತ್ತದೆ.

ಹಾಲು ನೀರಾಗಿದ್ದರೆ ಮೇವಿನಲ್ಲಿ ನಾರು ಕಡಿಮೆ ಇರಬಹುದು. ಬರೀ ದಾಣಿ ಮತ್ತು ಎಳೆ ಹುಲ್ಲು ತಿನ್ನುವ ಮೇಕೆಗೆ ಸ್ವಲ್ಪ ಹೊಟ್ಟು, ಕಡ್ಡಿಸಮೇತ ಸೊಪ್ಪು ಕೊಡಿ. ಚೆನ್ನಾಗಿ ಮೆಲುಕು ಹಾಕಿದರೆ ಹಾಲಿನ ಕೊಬ್ಬು ಏರುತ್ತದೆ.

ಮೇಕೆ ಹಾಲು, ತುಪ್ಪ ಯಾಕೆ ಹಳದಿ ಇರುವುದಿಲ್ಲ? ಹಸಿರು ಮೇವು ಕಡಿಮೆ ಅಂತಾನಾ?

ಅಲ್ಲ. ಹಸಿರಿನ ಕೆರೋಟಿನ್ ಅನ್ನು ಮೇಕೆ ಪೂರ್ತಿಯಾಗಿ ವಿಟಮಿನ್ ಎ ಆಗಿ ಬದಲಾಯಿಸಿಬಿಡುತ್ತದೆ. ವಿಟಮಿನ್ ಎಗೆ ಬಣ್ಣವಿಲ್ಲ. ಎಷ್ಟೇ ಹಸಿರು ತಿಂದರೂ ಮೇಕೆ ತುಪ್ಪ ಬೆಳ್ಳಗೇ ಇರುತ್ತದೆ.

ಬೂಷ್ಟು ಹಿಡಿದ ಹಿಂಡಿ ಬಿಸಿಲಿಗೆ ಒಣಗಿಸಿ ಹಾಕಬಹುದಾ?

ಹಾಕಬಾರದು. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳ ಈ ಮೂರೂ ತೇವ ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಬಿಸಿಲಿಗೆ ಬೂಷ್ಟು ಒಣಗಿ ಉದುರಬಹುದು, ವಿಷ ಅಲ್ಲೇ ಇರುತ್ತದೆ. ಮೇಕೆ ತಿಂದ ಒಂದು ದಿನದೊಳಗೆ ಅದು ಎಂ1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ದಾಟಬಾರದು. ಅಷ್ಟು ಸಣ್ಣ ಮಿತಿ ಇಟ್ಟಿರುವುದು ಇದು ಈಲಿಗೆ ಕ್ಯಾನ್ಸರ್ ತರುವ ವಿಷ ಆದ್ದರಿಂದ. ಮಗುವಿಗೆ ಮೇಕೆ ಹಾಲು ಕೊಡುವ ಮನೆಯಲ್ಲಿ ಈ ಒಂದು ವಿಷಯದಲ್ಲಿ ಉಳಿತಾಯದ ಯೋಚನೆ ಬೇಡ.

ಸಮಾಧಾನ ಅಂದರೆ ಕೆಟ್ಟ ಹಿಂಡಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ಸರಿಯಾಗುತ್ತದೆ. ಹಿಂಡಿ ಮೂಟೆಗಳನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ, ಗೋಡೆಗೂ ಒರಗಿಸಬೇಡಿ. ಮಳೆಗಾಲಕ್ಕೆ ಒಂದು ತಿಂಗಳಿಗಿಂತ ಜಾಸ್ತಿ ದಾಸ್ತಾನು ಬೇಡ.

ರಸಮೇವು (ಸೈಲೇಜ್) ಮಾಡುವವರಿಗೂ ಒಂದು ಮಾತು. ಗಾಳಿ ಸೇರಿ ಸರಿಯಾಗಿ ಹುಳಿಯದ ರಸಮೇವಿನಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕುರಿಗೆ ಅದರಿಂದ ಮಿದುಳಿನ ಬೇನೆ ಬಂದು ಒಂದೇ ಕಡೆ ಸುತ್ತತೊಡಗುತ್ತದೆ. ಕೆಟ್ಟ ವಾಸನೆಯ, ಮೇಲ್ಪದರದ ಮೇವನ್ನು ತಿಪ್ಪೆಗೆ ಹಾಕಿ.

ಉಣ್ಣೆಗೆ ಮೇವಿನಿಂದ ಏನಾಗುತ್ತದೆ? ಡೆಕ್ಕನಿ ಕುರಿಯ ಉಣ್ಣೆ ಹೇಗಿದ್ದರೂ ಒರಟು ಅಲ್ವಾ?

ಒರಟು ನಿಜ. ಕಂಬಳಿಗೆ ಬೇಕಾದದ್ದೇ ಆ ಗಟ್ಟಿತನ. ಚಳ್ಳಕೆರೆ ಕಡೆಯ ಕಂಬಳಿ ಮಳೆ-ಚಳಿಗೆ ಹೊದ್ದು, ರಾತ್ರಿ ಹಾಸಿ, ವರ್ಷಗಟ್ಟಲೆ ಬಾಳುತ್ತದೆ. ಹಾಗೆ ಬಾಳಬೇಕಾದರೆ ಎಳೆ ಬುಡದಿಂದ ತುದಿವರೆಗೆ ಒಂದೇ ದಪ್ಪ ಇರಬೇಕು.

ಉಣ್ಣೆ ಅಂದರೆ ಪ್ರೋಟೀನ್, ಅದರಲ್ಲೂ ಗಂಧಕ ಇರುವ ಪ್ರೋಟೀನ್. ಮೇವಿನ ಕೊರತೆ ಬಿದ್ದ ದಿನಗಳಲ್ಲಿ ಬೆಳೆದ ಭಾಗ ತೆಳ್ಳಗಾಗುತ್ತದೆ. ಜ್ವರ ಬಂದರೂ, ಮರಿ ಹಾಕಿ ಹಾಲು ಕೊಡುವಾಗ ಮೇವು ಸಾಲದಿದ್ದರೂ ಹಾಗೇ. ನೂಲುವಾಗ ಎಳೆ ಸರಿಯಾಗಿ ಅಲ್ಲೇ ತುಂಡಾಗುತ್ತದೆ. ಕೈಯಲ್ಲಿ ಒಂದು ಎಳೆ ಹಿಡಿದು ಎಳೆದು ನೋಡಿದರೆ ಸಾಕು, ಆ ಕುರಿ ಯಾವ ತಿಂಗಳು ಉಪವಾಸ ಬಿದ್ದಿತ್ತು ಅಂತ ಅನುಭವಿಗಳು ಅಂದಾಜು ಮಾಡಬಲ್ಲರು.

ತಾಮ್ರದ ಮಾತು ಇಲ್ಲಿ ಮತ್ತೆ ಬರುತ್ತದೆ, ತಿರುವುಮುರುವಾಗಿ. ತಾಮ್ರ ಕಡಿಮೆಯಾದರೆ ಉಣ್ಣೆಯ ಗುಂಗುರು ಹೋಗಿ ತಂತಿಯಂತೆ ನೆಟ್ಟಗಾಗುತ್ತದೆ. ಕರಿ ಕುರಿಯ ಉಣ್ಣೆ ಮಾಸಲು ಬೂದಿಯಾಗುತ್ತದೆ. ಬಣ್ಣ ಹಾಕದ ಕರಿ ಕಂಬಳಿಗೆ ಬೆಲೆ ಇರುವಾಗ ಇದು ನೇರ ನಷ್ಟ. ಹಾಗಂತ ಅಂಗಡಿಯಿಂದ ಮೈಲುತುತ್ತ (ತಾಮ್ರದ ಸಲ್ಫೇಟ್) ತಂದು ಕುಡಿಸಬೇಡಿ. ಎಷ್ಟು ಕೊಡಬೇಕು ಅನ್ನುವುದನ್ನು ಪಶುವೈದ್ಯರೇ ಹೇಳಬೇಕು. ಸತು ಕಡಿಮೆಯಾದರೂ ಉಣ್ಣೆ ಉದುರುತ್ತದೆ, ಚರ್ಮ ದಡ್ಡುಗಟ್ಟುತ್ತದೆ.

ಉಣ್ಣೆ ಕತ್ತರಿಸುವ ಮುಂಚಿನ ವಾರಗಳಲ್ಲಿ ಮುಳ್ಳುಕಾಯಿ, ಅಂಟುಬೀಜ ಇರುವ ಹೊಲಕ್ಕೆ ಬಿಡದಿರುವುದು ಒಳ್ಳೆಯದು. ಅವನ್ನು ಆರಿಸಿ ತೆಗೆಯುವ ಹೆಂಗಸರ ಬೆರಳು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒರಟು ಉಣ್ಣೆಗೆ ಸಿಗುವ ಬೆಲೆ ಕತ್ತರಿಸುವ ಕೂಲಿಗೂ ಸಾಲದಿರುವಾಗ ಇಷ್ಟೆಲ್ಲ ಯಾಕೆ ಅಂತ ಕುರಿಗಾಹಿಗಳು ಕೇಳುತ್ತಾರೆ. ಅವರ ಮಾತು ನ್ಯಾಯವಾದದ್ದು. ಉಣ್ಣೆ ಇಲ್ಲದ ತಳಿಗಳ ಕಡೆಗೆ ಹಲವರು ಹೊರಳಿದ್ದೂ ಅದಕ್ಕೇ. ಕಂಬಳಿ ಕೊಳ್ಳುವವರು ಒಳ್ಳೆ ಎಳೆಗೆ ಒಳ್ಳೆ ದುಡ್ಡು ಕೊಟ್ಟರೆ ಮಾತ್ರ ಡೆಕ್ಕನಿ ಉಳಿಯುತ್ತದೆ.

ಚರ್ಮಕ್ಕೂ ಮೇವಿಗೂ ಸಂಬಂಧ ಇದೆಯಾ?

ಇದೆ, ಆದರೆ ಕಡಿಮೆ. ಬಡಕಲು ಪ್ರಾಣಿಯ ಚರ್ಮ ತೆಳು, ಹದ ಮಾಡುವಾಗ ಹರಿಯುತ್ತದೆ. ಚರ್ಮದ ಬೆಲೆ ಕಳೆಯುವುದು ಹೆಚ್ಚಾಗಿ ಮುಳ್ಳಿನ ಗೀರು, ಉಣುಗಿನ ಕಚ್ಚು, ಸಿಡುಬಿನ ಕಲೆ.

ಹತ್ತಿ ಹೊಲದಲ್ಲಿ ಮೇಯಿಸಿದರೆ ಮಾಂಸಕ್ಕೆ ಕೀಟನಾಶಕ ಸೇರುತ್ತದಾ?

ಸೇರಬಹುದು. ಕೆಲವು ಕೀಟನಾಶಕಗಳು ಕೊಬ್ಬಿನಲ್ಲಿ ಕರಗಿ ಅಲ್ಲೇ ಉಳಿಯುತ್ತವೆ, ಹಾಲಿನ ಕೊಬ್ಬಿಗೂ ಬರುತ್ತವೆ. ಹೊಲದ ಮಾಲೀಕರನ್ನು "ಕೊನೆಯ ಸಲ ಯಾವಾಗ ಹೊಡೆದಿರಿ, ಏನು ಹೊಡೆದಿರಿ" ಅಂತ ಕೇಳಿಯೇ ಮಂದೆ ಬಿಡಬೇಕು. ಡಬ್ಬಿಯ ಮೇಲೆ ಕಾಯಬೇಕಾದ ದಿನ ಬರೆದಿರುತ್ತದೆ. ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷದಂಶ ಇರುವುದರಿಂದ ಎಳೆ ಮರಿಗಳಿಗೂ ಬೀಜದ ಟಗರಿಗೂ ಅದನ್ನು ಹಾಕದಿರುವುದು ಒಳ್ಳೆಯದು.

ಜಂತುಹುಳದ ಔಷಧಿ ಕುಡಿಸಿದ ಮೇಲೂ ಅಷ್ಟೇ. ಚೀಟಿಯಲ್ಲಿ ಬರೆದ ದಿನ ಕಳೆಯುವವರೆಗೆ ಮಾಂಸಕ್ಕೆ ಕೊಡಬಾರದು, ಹಾಲು ಮಾರಬಾರದು.

ಮಾರುವ ಹಿಂದಿನ ದಿನ ಮೇವು ನಿಲ್ಲಿಸಬೇಕಾ, ಉಪ್ಪುನೀರು ಕುಡಿಸಬೇಕಾ?

ಉಪ್ಪು ತಿನ್ನಿಸಿ ನೀರು ಕುಡಿಸಿ ತೂಕ ಏರಿಸುವುದು ಸಂತೆಗಳಲ್ಲಿ ನಡೆಯುತ್ತದೆ. ಕೊಳ್ಳುವವರಿಗೆ ಅದು ಗೊತ್ತಿರುತ್ತದೆ, ರೇಟಿನಲ್ಲಿ ಕಡಿದೇ ಕಡಿಯುತ್ತಾರೆ. ಪ್ರಾಣಿಗೆ ಮಾತ್ರ ಹಿಂಸೆ. ಮಾಡಬೇಡಿ.

ಕೊಯ್ಯುವ ಮುಂಚೆ ಸುಮಾರು 12 ಗಂಟೆ ಮೇವು ನಿಲ್ಲಿಸಿದರೆ ಸಾಕು, ನೀರು ಸದಾ ಇರಲಿ. ಹೊಟ್ಟೆ ಖಾಲಿಯಾದಷ್ಟೂ ಕರುಳು ಒಡೆದು ಮಾಂಸ ಕೆಡುವ ಭಯ ಕಡಿಮೆ. ಆದರೆ ಎರಡು ದಿನ ಉಪವಾಸ ಕೆಡವಿದರೆ ಬೇರೆಯೇ ತೊಂದರೆ. ಮಾಂಸಖಂಡದಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆ ಕೂಡಿಟ್ಟಿರುತ್ತದೆ. ಕೊಯ್ದ ಮೇಲೆ ಅದು ಆಮ್ಲವಾಗಿ ಮಾಂಸದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5.4ರಿಂದ 5.8ರ ನಡುವೆ ಇಳಿಯಬೇಕು. ಆಗ ಮಾಂಸ ಕೆಂಪಗೆ ಇರುತ್ತದೆ, ಬೇಗ ಕೆಡುವುದಿಲ್ಲ. ಹಸಿದು, ಹೆದರಿ, ಲಾರಿಯಲ್ಲಿ ನಿಂತು ಬಂದ ಕುರಿಯಲ್ಲಿ ಆ ಸಕ್ಕರೆ ಮೊದಲೇ ಖರ್ಚಾಗಿರುತ್ತದೆ. ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ. ಮಾಂಸ ಕಪ್ಪಗೆ, ಅಂಟಂಟಾಗಿ, ಬೇಗ ಹಳಸುತ್ತದೆ. ಬಾಗಲಕೋಟೆ, ಕೊಪ್ಪಳದಿಂದ ಬೆಂಗಳೂರಿಗೆ ರಾತ್ರಿಯಿಡೀ ಬಂದ ಕುರಿಗೆ ಒಂದು ದಿನ ನೆರಳು, ನೀರು, ಒಳ್ಳೆ ಮೇವು ಕೊಟ್ಟು ಆಮೇಲೆ ಕೊಯ್ಯುವುದು ಪ್ರಾಣಿಗೂ ಒಳ್ಳೆಯದು, ಮಟನ್‌ಗೂ ಒಳ್ಳೆಯದು.

ಹುಲ್ಲು ಮೇದ ಕುರಿಯ ಮಟನ್ ತಿಂದರೆ ಒಮೆಗಾ-3 ಸಿಗುತ್ತೆ ಅಂತ ಜಾಸ್ತಿ ದುಡ್ಡು ಕೊಡಬಹುದಾ?

ಒಮೆಗಾ-3 ಒಂದಕ್ಕೇ ಅಂತಾದರೆ ಬೇಡ. ಕಾಳು ತಿಂದ ಕುರಿಗಿಂತ ಜಾಸ್ತಿ ಇರುವುದು ನಿಜ, ಆದರೆ ಬಂಗುಡೆ, ಬೂತಾಯಿ ಮೀನಿನ ಮುಂದೆ ಅದು ತುಂಬಾ ಕಡಿಮೆ. ರುಚಿಗೆ, ನಂಬಿಕೆಯ ಕುರಿಗಾಹಿಗೆ, ಆ ಸೀಮೆಯ ಮೇವಿಗೆ ಜಾಸ್ತಿ ದುಡ್ಡು ಕೊಡಿ. ಅದು ನ್ಯಾಯ.

ಕುರಿ ಗೊಬ್ಬರದ ಗುಣವೂ ಮೇವಿನಿಂದ ಬದಲಾಗುತ್ತದಾ?

ಹೌದು. ಸುಗ್ಗಿ ಮುಗಿದ ಮೇಲೆ ದುಡ್ಡೋ ಕಾಳೋ ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವ ರೈತರಿಗೆ ಇದು ಬೇಕಾದ ವಿಷಯ. ಹಿಂಡಿ, ಬೇಳೆಕಾಳಿನ ಹೊಟ್ಟು, ಸೊಪ್ಪು ತಿಂದ ಕುರಿಯ ಹಿಕ್ಕೆ-ಗಂಜಲದಲ್ಲಿ ಸಾರಜನಕ ಜಾಸ್ತಿ. ಬರೀ ಒಣಹುಲ್ಲು ತಿಂದರೆ ಕಡಿಮೆ. ಟ್ಯಾನಿನ್ ಇರುವ ಸೊಪ್ಪು ತಿಂದಾಗ ಸಾರಜನಕ ಗಂಜಲಕ್ಕಿಂತ ಹಿಕ್ಕೆಯಲ್ಲಿ ಹೆಚ್ಚು ಹೋಗುತ್ತದೆ. ಗಂಜಲದ್ದು ಬೇಗ ಆವಿಯಾಗುತ್ತದೆ, ಹಿಕ್ಕೆಯದು ನಿಧಾನವಾಗಿ ಮಣ್ಣಿಗೆ ಸೇರುತ್ತದೆ.

ಬಳ್ಳಾರಿ ಜಾಲಿಯ ಕಾಯಿ ತಿಂದು ಬಂದ ಮಂದೆಯನ್ನು ಮಾತ್ರ ನೇರವಾಗಿ ಹೊಲಕ್ಕೆ ಬಿಟ್ಟುಕೊಳ್ಳಬೇಡಿ. ಬೀಜ ಜೀರ್ಣವಾಗದೆ ಹಿಕ್ಕೆಯಲ್ಲಿ ಬಂದು ಮುಂದಿನ ಮಳೆಗೆ ಹೊಲದ ತುಂಬ ಮೊಳೆಯುತ್ತದೆ. ಮೂರ್ನಾಲ್ಕು ದಿನ ಬೇರೆ ಮೇವಿನ ಮೇಲೆ ಇಟ್ಟು ಆಮೇಲೆ ನಿಲ್ಲಿಸಿ. ಕಾಯಿಯನ್ನು ಮೇವಾಗಿ ಕೊಡುವುದಿದ್ದರೆ ಒಣಗಿಸಿ ಬೀಜಸಮೇತ ಬೀಸಿ, ದಾಣಿಯಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಸೇರಿಸಿ ಕೊಡಿ.